ಕಿದಾವಾ ಅಜ್ಜಿಯ ಒಂದು ನಿಮಿಷ

ಮೊದಲು ನೀವೇ ಊಹಿಸಿ ನೋಡೋಣ, ಆಮೇಲೆ ನಾನು ಹೇಳುತ್ತೇನೆ. ಒಬ್ಬ ಹುಡುಗ ತಡರಾತ್ರಿ ಕೆಲಸ ಮುಗಿಸಿಕೊಂಡು ಮನೆಗೆ ಹೊರಟಿದ್ದಾನೆ. ದಾರಿಯಲ್ಲಿ ಬಾವಿ. ಬಾವಿಕಟ್ಟೆಯ ಮೇಲೆ ಒಬ್ಬ ಅಜ್ಜಿ ಕೂತಿದ್ದಾಳೆ. ಆ ಅಜ್ಜಿಯನ್ನು ಮಣ್ಣು ಮಾಡಿ ವಾರದ ಮೇಲಾಗಿದೆ. ಹೆಗಲು ಕೊಟ್ಟವರಲ್ಲಿ ಈ ಹುಡುಗನೂ ಒಬ್ಬ. ಅಜ್ಜಿ ಅವನನ್ನು ಒಂದು ಮಾತು ಕೇಳುತ್ತಾಳೆ... ಏನು ಕೇಳಿರಬಹುದು?

ನೀರು? ಅಲ್ಲ. ಎಲೆ ಅಡಿಕೆ? ಅಲ್ಲ. ನನ್ನನ್ನು ಯಾಕೆ ಕೊಂದೆ ಅಂತಲೇ? ಛೆ, ನೀವು ಸಿನಿಮಾ ಜಾಸ್ತಿ ನೋಡುತ್ತೀರಿ. ಯಾರೂ ಯಾರನ್ನೂ ಕೊಂದಿಲ್ಲ. ನಮ್ಮ ಹುಡುಗ ಇರುವೆ ಸಾಲು ಕಂಡರೆ ಕಾಲು ಎತ್ತಿಡುವವನು.

ಇರಲಿ, ಆ ದೀಪ ಸ್ವಲ್ಪ ಸಣ್ಣ ಮಾಡಿ. ಕಹಿ ಕಾಫಿ ಇನ್ನೊಂದು ಸುತ್ತು ಬರಲಿ, ಜೊತೆಗೆ ಆ ಕಡಲೆಬೀಜದ ಚಿಕ್ಕಿ. ಹೊಸ ಹಲ್ಲಿನ ಸೆಟ್ಟು ಬಂದಮೇಲೆ ನಾನು ಚಿಕ್ಕಿಯನ್ನು ಬಿಡುವುದಿಲ್ಲ. ನಮ್ಮ ಟಾಂಗಾ ಪಟ್ಟಣದ ಹೈಸ್ಕೂಲಿನಲ್ಲಿ ಇಡೀ ಆಯುಷ್ಯ ಭೂಗೋಳ ಕಲಿಸಿದವನು ನಾನು. ದೆವ್ವ ಅಂದರೆ ನಗುತ್ತಿದ್ದೆ. ಹುಡುಗರು ಬಾವೊಬಾಬ್ ಮರದಲ್ಲಿ ಜಿನ್ನು ಇದೆ ಅಂದರೆ ಅದರ ಅಕ್ಷಾಂಶ ರೇಖಾಂಶ ಕೇಳುತ್ತಿದ್ದೆ. ಈಗ ನಿವೃತ್ತಿಯ ಸುಖದಲ್ಲಿ ಕೂತು ನಾನೇ ಹೇಳುತ್ತಿದ್ದೇನೆ ನೋಡಿ. ಇದು ಕಟ್ಟಿದ್ದಲ್ಲ. ನನ್ನ ಮನೆಯ ಗೋಡೆಗೆ ಗೋಡೆ ಹತ್ತಿದ ಮನೆ ಅಥುಮಾನಿಯದು. ಅವನಿಗೆ ಆದದ್ದು ಇದು.

ಅವತ್ತು ರಾತ್ರಿ ಐದು ಗಂಟೆ. ನಾವು ಸೂರ್ಯ ಮುಳುಗಿದಲ್ಲಿಂದ ಗಂಟೆ ಎಣಿಸುವ ಜನ, ನಿಮ್ಮ ಗಡಿಯಾರದಲ್ಲಿ ಹನ್ನೊಂದು. ಅಥುಮಾನಿ ಅಂಗಡಿ ಮುಚ್ಚಿ ಚೌಕಕ್ಕೆ ಬಂದ. ಒಂದು ಕಡೆ ಮಸೀದಿ, ಎದುರಿಗೆ ಕತ್ತಾಳೆ ನಾರಿನ ಹಳೇ ಗೋದಾಮು, ಅದರ ಉದ್ದನೆಯ ಬಿಳಿ ಗೋಡೆ. ನಡುವೆ ಬಾವೊಬಾಬ್ ಮರ, ಮರದ ಕೆಳಗೆ ಬಾವಿ. ಗಾಳಿಗೆ ಮರದ ಒಣಕಾಯಿ ಒಂದಕ್ಕೊಂದು ತಾಗುತ್ತಿತ್ತು... ಟೊಕ್. ಟೊಕ್. ಅವನ ಚಪ್ಪಲಿ ಚಪ್ ಚಪ್ ಅನ್ನುತ್ತಿತ್ತು. ಬಾವಿಯ ಹತ್ತಿರ ಬಂದಾಗ ಇನ್ನೊಂದು ಸದ್ದು ಸೇರಿಕೊಂಡಿತು.

ಕಟ್...

ಕಟ್...

ಸಣ್ಣ ಸದ್ದು. ಬಾಯೊಳಗಿನ ಸದ್ದು. ಖರ್ಜೂರದ ಬೀಜವನ್ನು ಹಲ್ಲಿಗೆ ತಾಗಿಸಿ ಹೊರಳಿಸಿದರೆ ಬರುತ್ತದಲ್ಲ, ಅದು.

ಕಟ್ಟೆಯ ಮೇಲೆ ಯಾರೋ ಕೂತಿದ್ದರು. ತಲೆಯ ಮೇಲಿಂದ ಕಾಂಗಾ ಬಟ್ಟೆ ಹೊದ್ದು, ಮುಖವನ್ನು ಗೋದಾಮಿನ ಗೋಡೆಗೆ ತಿರುಗಿಸಿಕೊಂಡು. ಯಾರೋ ಹಿರಿಯರು ಅಂದುಕೊಂಡು ಅಥುಮಾನಿ ತಲೆ ಬಾಗಿಸಿ “ಶಿಕಾಮೂ” ಅಂದ. ಹಿರಿಯರಿಗೆ ನಾವು ಹಾಗೆಯೇ ನಮಸ್ಕಾರ ಹೇಳುವುದು. ಜವಾಬು ಬರಲಿಲ್ಲ. ಬಲಗೈ ಮಾತ್ರ ನಿಧಾನಕ್ಕೆ ಮೇಲೆ ಬಂತು. ಬೆರಳ ತುದಿಯಲ್ಲಿ ಒಂದು ಖರ್ಜೂರ. ಬಾಯಿಯ ಹತ್ತಿರ ಬಂದು ಅಲ್ಲೇ ನಿಂತಿತು.

ಆಮೇಲೆ ಪಿಸುಮಾತು.

“ಹೊತ್ತಾಯ್ತಾ ಮಗಾ?”

ಅಷ್ಟೇ ಕೇಳಿದ್ದು. ನಿಮಗೆ ಇದರಲ್ಲೇನು ಹೆದರಿಕೆ ಅನ್ನಿಸಬಹುದು. ಅಥುಮಾನಿ ಮಾತ್ರ ಎರಡು ಹೆಜ್ಜೆ ಹಿಂದೆ ಸರಿದ. ಜಗತ್ತಿನಲ್ಲಿ ಆ ಮಾತಿನ ಅರ್ಥ ಗೊತ್ತಿದ್ದವನು ಅವನೊಬ್ಬನೇ. ಹೆದರಿಕೆಗಿಂತ ಮೊದಲು ಅವನಿಗೆ ಆದದ್ದು ನಾಚಿಕೆ. ಬಟ್ಟೆ ಬಿಚ್ಚಿ ಬೀದಿಯಲ್ಲಿ ನಿಲ್ಲಿಸಿದ ಹಾಗಾಯಿತು ಮೇಷ್ಟ್ರೇ ಅಂತ ನನ್ನ ಹತ್ತಿರವೇ ಹೇಳಿದ್ದಾನೆ.

ಯಾಕೆ ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಥುಮಾನಿಯ ಕಸುಬು ಪರದೆಯ ಮೇಲೆ ಅಕ್ಷರ ಕುಣಿಸುವುದು. ಮದುವೆ ವಿಡಿಯೋದಲ್ಲಿ ಹೆಸರು ಹೂವಿನಿಂದ ಅರಳಿಕೊಂಡು ಬರುತ್ತದಲ್ಲ, ಚುನಾವಣೆ ಜಾಹೀರಾತಿನಲ್ಲಿ ಚಿಹ್ನೆ ಗಿರಗಿರ ತಿರುಗುತ್ತದಲ್ಲ, ಅದೆಲ್ಲ ಅವನದೇ. ಗಡಿಯಾರದ ಅಂಕಿ ಮಾಡುವುದರಲ್ಲಂತೂ ಟಾಂಗಾದಲ್ಲಿ ಅವನ ಸಮ ಯಾರೂ ಇರಲಿಲ್ಲ. ಪ್ರತಿ ಅಂಕಿಯನ್ನೂ ಕೈಯಲ್ಲಿ ಬರೆದು ಕೂರಿಸಿದರೆ ಒಂದು ಗಂಟೆಯ ಗಡಿಯಾರಕ್ಕೆ ಒಂದು ಜನ್ಮ ಬೇಕು. ಅದರ ಬದಲು ಆ ಅಕ್ಷರಕ್ಕೆ ಒಂದು ಸಾಲಿನ ಸೂತ್ರ ಅಂಟಿಸುತ್ತಾನೆ. ಎಕ್ಸ್‌ಪ್ರೆಶನ್ ಅಂತಾರಂತೆ. ನನಗೆ ಎಷ್ಟು ಸಲ ಹೇಳಿಕೊಟ್ಟನೋ, ಕೊನೆಗೂ ಬಾಯಿಪಾಠ ಆಯಿತು: ಇರುವ ಸೆಕೆಂಡುಗಳನ್ನು ಅರವತ್ತರಿಂದ ಭಾಗಿಸು. ಮಿಕ್ಕ ಚೂರು ಬಿಸಾಡು. ಬಂದದ್ದು ನಿಮಿಷ. ಹತ್ತಕ್ಕಿಂತ ಕಮ್ಮಿಯಾದರೆ ಮುಂದೆ ಒಂದು ಸೊನ್ನೆ ಹಚ್ಚು. ಗಂಟೆಗೂ ನಿಮಿಷಕ್ಕೂ ನಡುವೆ ಎರಡು ಚುಕ್ಕಿ ಇಡು. ಅಷ್ಟು ಬರೆದರೆ ಮುಗಿಯಿತು, ಅಂಕಿ ತಾನೇ ಓಡುತ್ತದೆ. ಫುಟ್‌ಬಾಲ್ ಪಂದ್ಯದ ವಿಡಿಯೋಗಳಿಗೆ ಅವನು ವರ್ಷಗಟ್ಟಲೆ ಇದೇ ಸಾಲು ಹಾಕಿದ್ದ. ಒಂದು ದಿನವೂ ತಪ್ಪಿರಲಿಲ್ಲ.

ಆ ವರ್ಷ ರಂಜಾನಿಗೆ ಮಸೀದಿಯ ಶೇಖ್ ನಸೋರೋ ಅವನನ್ನು ಕರೆಸಿದರು. ಸಂಜೆ ಚೌಕದಲ್ಲಿ ಜನ ಉಪವಾಸ ಬಿಡಲು ಕೂರುತ್ತಾರೆ, ಗೋದಾಮಿನ ಗೋಡೆ ಪೂರ್ವಕ್ಕೆ ಮುಖ ಮಾಡಿದೆ, ಸಂಜೆ ನೆರಳಿರುತ್ತದೆ, ಪ್ರೊಜೆಕ್ಟರ್ ಹಾಕಿ ಇಳಿಯುವ ಗಡಿಯಾರ ತೋರಿಸು ಅಂದರು. ಹುಡುಗ ಹಿಗ್ಗಿಹೋದ. ಚಂದ್ರ, ದೀಪ, ಬಂಗಾರದ ಬಳ್ಳಿ ಎಲ್ಲ ಹಾಕಿ ಮಾಡಿದ. ಶೇಖ್ ನೋಡಿ, ಎಲ್ಲ ಚೆನ್ನಾಗಿದೆ, ಈ ಸೆಕೆಂಡಿನ ಅಂಕಿ ಮಾತ್ರ ತೆಗಿ, ಕೊನೆಯ ಗಳಿಗೆ ದುವಾ ಮಾಡೋ ಗಳಿಗೆ, ಇದು ಹೀಗೆ ಕುಣೀತಾ ಇದ್ದರೆ ಜನ ದೇವರನ್ನ ಬಿಟ್ಟು ಗೋಡೆ ನೋಡ್ತಾರೆ ಅಂದರು. ಸರಿಯಾದ ಮಾತೇ. ಅಥುಮಾನಿ ಸೆಕೆಂಡು ತೆಗೆದ. ಗಂಟೆ, ನಿಮಿಷ ಉಳಿಸಿದ. ಪಂದ್ಯದ ಗಡಿಯಾರದ ಹಳೇ ಸಾಲನ್ನೇ ತಂದು ಅಂಟಿಸಿದ.

ನಿಮಗೆ ಹೊಳೆಯಿತಾ? ಅವನಿಗೆ ಹೊಳೆಯಲಿಲ್ಲ.

ಏರುವ ಗಡಿಯಾರದಲ್ಲಿ ಮಿಕ್ಕ ಚೂರನ್ನು ಬಿಸಾಡಿದರೆ ಸರಿ. ಪಂದ್ಯ ಶುರುವಾಗಿ ಇನ್ನೂ ನಿಮಿಷ ತುಂಬಿಲ್ಲ ಅಂದರೆ ಸೊನ್ನೆಯೇ. ಇಳಿಯುವ ಗಡಿಯಾರದಲ್ಲಿ? ಇನ್ನು ಐವತ್ತೊಂಬತ್ತು ಸೆಕೆಂಡು ಇದೆ ಅನ್ನುವಾಗಲೇ ಆ ಐವತ್ತೊಂಬತ್ತನ್ನೂ ಚೂರು ಅಂತ ಬಿಸಾಡಿಬಿಡುತ್ತದೆ. ಗೋಡೆಯ ಮೇಲೆ ಸೊನ್ನೆ. ಸೂರ್ಯ ಇನ್ನೂ ಅಂಚಿನಲ್ಲಿ ಇದ್ದಾನೆ, ಗೋಡೆ ಮುಗಿಯಿತು ಅನ್ನುತ್ತಿದೆ.

ಇದರಿಂದ ಊರಿಗೇನೂ ಆಗಲಿಲ್ಲ. ನಮಗೆ ಕಿವಿ ಇದೆ. ಗೋಡೆ ಸೊನ್ನೆ ಅಂದರೂ ಬಾಂಗು ಕೇಳುವವರೆಗೆ ಕೈ ಬಾಯಿಗೆ ಹೋಗುವುದಿಲ್ಲ. ಬಾಂಗು ಕೂಗುವ ಚಾಂದೆ ಮುದುಕರಿಗೆ ಮಾತ್ರ ಪಜೀತಿಯಾಯಿತು. ದಿನಾ ಗೋಡೆಗಿಂತ ತಡ, ದಿನಾ ತಡ. ಖರ್ಜೂರ ಹಿಡಿದುಕೊಂಡು ಕಾಯುವ ಹಸಿದ ಜನ ಸುಮ್ಮನಿರುತ್ತಾರೆಯೇ? ಚಾಂದೆ ತಾತ ಗಂಟಲು ಸರಿಮಾಡ್ಕೊಳ್ಳೋಷ್ಟರಲ್ಲಿ ಬೆಳಗಿನ ಜಾವದ ಸಹರಿ ಊಟದ ಹೊತ್ತಾಗುತ್ತೆ ಅಂತ ಒಬ್ಬ. ಮೆಟ್ಟಿಲು ಹತ್ತೋಕೆ ಕತ್ತೆ ಕೊಡಿಸೋಣ ಅಂತ ಇನ್ನೊಬ್ಬ. ನಾನೂ ಒಂದೆರಡು ಸೇರಿಸಿದ್ದೆ ಅನ್ನಿ. ಮುದುಕರು ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು. ಕೈಗಡಿಯಾರವನ್ನು ಎರಡು ಸಲ ರಿಪೇರಿಗೆ ಕೊಟ್ಟರಂತೆ, ಪಾಪ.

ಆ ಚೌಕದಲ್ಲಿ ಕಿವಿ ಇಲ್ಲದವಳು ಒಬ್ಬಳು ಇದ್ದಳು. ಕಿದಾವಾ ಅಜ್ಜಿ.

ಕಿವಿ ಹೋಗಿ ಬಹಳ ವರ್ಷ ಆಗಿತ್ತು ಅವಳಿಗೆ. ಬಾಯಲ್ಲಿ ಉಳಿದದ್ದು ಒಂದೇ ಹಲ್ಲು. ಬಾವಿಕಟ್ಟೆಯ ಮೇಲೆ ಕೂತು, ಪಕ್ಕದವರ ಕೈಯನ್ನೇ ನೋಡುತ್ತಾ, ಅವರು ಬಾಯಿಗಿಟ್ಟ ಮೇಲೆ ತಾನೂ ಇಡುವಳು. ತಿಂದ ಮೇಲೆ ಬೀಜವನ್ನು ಆ ಒಂಟಿ ಹಲ್ಲಿಗೆ ತಾಗಿಸಿ ಕಟ್, ಕಟ್ ಅಂತ ಹೊರಳಿಸುವಳು. ಆಮೇಲೆ ಕಟ್ಟೆಯ ಕಲ್ಲಿನ ಸಂದಿಯಲ್ಲಿ ಅದನ್ನು ನೆಟ್ಟಗೆ ಚುಚ್ಚುವಳು, ಚೂಪು ತುದಿ ಕೆಳಗೆ. ಅದೊಂದು ಚಾಳಿ. ಅಥುಮಾನಿಯ ತಾಯಿ ಹೆರಿಗೆಯಲ್ಲೇ ಹೋದವಳು. ರಕ್ತಸಂಬಂಧ ಇಲ್ಲದಿದ್ದರೂ ಇವನನ್ನು ಎತ್ತಿ ಆಡಿಸಿ, ತೆಂಗಿನಹಾಲಿನಲ್ಲಿ ಬೇಯಿಸಿದ ಮರಗೆಣಸು ತಿನ್ನಿಸಿ ದೊಡ್ಡದು ಮಾಡಿದ್ದು ಇದೇ ಕಿದಾವಾ ಅಜ್ಜಿ. ಹಾಗಾಗಿ ಗೋಡೆಯ ಗಡಿಯಾರ ಬಂದಾಗ ಇವನೇ ಹೋಗಿ, ಕೈಸನ್ನೆಯಲ್ಲಿ ಅವಳಿಗೆ ಹೇಳಿದ: ಇನ್ನು ಯಾರ ಕೈಯನ್ನೂ ನೋಡಬೇಡ ಬೀಬಿ. ಗೋಡೆ ನೋಡು. ಎರಡೂ ಕಡೆ ಸೊನ್ನೆ ಬಂತೋ, ಬಾಯಿಗಿಡು.

ಬೀಬಿ ಅಂದರೆ ನಮ್ಮಲ್ಲಿ ಅಜ್ಜಿ. ಬೀಬಿ ಎಷ್ಟು ಹೆಮ್ಮೆಪಟ್ಟಳು ಅಂದರೆ, ಕಂಡಕಂಡವರಿಗೆ ಗೋಡೆ ತೋರಿಸಿ ‘ನನ್ನ ಹುಡುಗ ಮಾಡಿದ್ದು’ ಅನ್ನುವಳು. ಕಿವುಡರ ದನಿ ಗೊತ್ತಲ್ಲ, ಇಡೀ ಚೌಕಕ್ಕೆ ಕೇಳುತ್ತಿತ್ತು.

ಹನ್ನೊಂದನೇ ಉಪವಾಸದ ಸಂಜೆ ಅಥುಮಾನಿ ಅದನ್ನೆಲ್ಲ ಫೋನಿನಲ್ಲಿ ವಿಡಿಯೋ ತೆಗೆದ, ಅಂಗಡಿಯ ಜಾಹೀರಾತಿಗೆ ಆಗಲಿ ಅಂತ. ರಾತ್ರಿ ಕೂತು ಅದನ್ನು ಕತ್ತರಿಸುತ್ತಿದ್ದಾಗ ಕಂಡ. ಗೋಡೆಯಲ್ಲಿ ಸೊನ್ನೆ ಬಂತು. ಕಟ್ಟೆಯ ಮೇಲೆ ಅಜ್ಜಿಯ ಕೈ ಮೇಲೆದ್ದಿತು. ಖರ್ಜೂರ ಬಾಯಿಗೆ ಹೋಯಿತು. ಸುತ್ತ ಯಾರ ಕೈಯೂ ಅಲ್ಲಾಡಲಿಲ್ಲ. ಅಜ್ಜಿ ಅಗಿದಳು, ನುಂಗಿದಳು, ಬೀಜ ಹೊರಳಿಸಿದಳು... ಆಮೇಲೆ ಬಾಂಗು.

ಅವನು ಅದನ್ನೇ ಮತ್ತೆ ಮತ್ತೆ ಹಿಂದಕ್ಕೆ ಎಳೆದು ನೋಡಿದನಂತೆ. ಬೆಳಗಿನಿಂದ ಒಂದು ಹನಿ ನೀರು ಮುಟ್ಟದ ಮುದುಕಿ, ಕೊನೆಯ ಒಂದು ನಿಮಿಷದಲ್ಲಿ, ಇವನ ಮಾತು ನಂಬಿ, ಇಡೀ ದಿನವನ್ನು ಕಳೆದುಕೊಳ್ಳುತ್ತಿದ್ದಾಳೆ. ಸೂರ್ಯ ಮುಳುಗುವ ಮೊದಲು ಬಾಯಿಗಿಟ್ಟರೆ ಅವತ್ತಿನ ಉಪವಾಸ ಉಪವಾಸವಲ್ಲ, ಇನ್ನೊಂದು ದಿನ ಹಿಡಿದು ತುಂಬಿಕೊಡಬೇಕು. ಅಂಥ ಹನ್ನೊಂದು ದಿನ.

ಆ ರಾತ್ರಿಯೇ ಸೂತ್ರ ತಿದ್ದಿದ. ಚೂರನ್ನು ‘ಬಿಸಾಡು’ ಅಂತ ಇದ್ದ ಕಡೆ ‘ಮೇಲಕ್ಕೆ ಎತ್ತು’ ಅಂತ ಬರೆದ. ಒಂದು ಪದ, ಅಷ್ಟೇ ಕೆಲಸ. ಮರುದಿನದಿಂದ ಗೋಡೆಯೂ ಬಾಂಗೂ ಒಂದಾದವು. ಚಾಂದೆ ತಾತನಿಗೆ ಈಗ ಚುರುಕು ಬಂತು ಅಂತ ಜನ ನಕ್ಕರು. ಅಥುಮಾನಿ ಏನೂ ಹೇಳಲಿಲ್ಲ. ಟಾಂಗಾದಲ್ಲೇ ಗಡಿಯಾರಕ್ಕೆ ಹೆಸರಾದವನು, ನನ್ನ ಗಡಿಯಾರವೇ ಸುಳ್ಳು ಹೇಳಿತು ಅಂತ ಯಾವ ಬಾಯಲ್ಲಿ ಹೇಳುವುದು? ಹಬ್ಬ ಆಗಲಿ, ಆಮೇಲೆ ಹೇಳೋಣ ಅಂದುಕೊಂಡ.

ಹಬ್ಬವಾಯಿತು. ನಾಲ್ಕನೇ ದಿನಕ್ಕೆ ಅಜ್ಜಿ ಹಾಸಿಗೆ ಹಿಡಿದಳು. ಮೊಮ್ಮಗಳು ಸೌಮು ಕರೆದಳು ಅಂತ ಇವನು ಓಡಿದ. ಅಜ್ಜಿ ಅವನ ಕೈ ಹಿಡಿದುಕೊಂಡು, ಅದೇ ಚೌಕಕ್ಕೆ ಕೇಳುವ ದನಿಯಲ್ಲಿ, “ನಂದು ಒಂದು ದಿನವೂ ಬಾಕಿ ಇಲ್ಲ ಕಣೋ. ಈ ಸಲ ಯಾರನ್ನೂ ಕೇಳದೆ ಹಿಡಿದೆ. ನಿನ್ನ ಗೋಡೆಯ ಪುಣ್ಯ” ಅಂದಳು.

ಅವನು ಸನ್ನೆ ಮಾಡಲು ಕೈ ಎತ್ತಿದ. ಕೈ ಗಾಳಿಯಲ್ಲಿ ನಿಂತಿತು. ಆಮೇಲೆ ಇಳಿಯಿತು. ಅವಳ ಹೊದಿಕೆ ಸರಿಮಾಡಿ ಎದ್ದು ಬಂದ. ಬೆಳಗಾಗುವ ಮೊದಲು ಅಜ್ಜಿ ಹೋಗಿದ್ದಳು.

ಈಗ ಬಾವಿಕಟ್ಟೆಗೆ ಬನ್ನಿ. ‘ಹೊತ್ತಾಯ್ತಾ ಮಗಾ’ ಅಂದರೆ ಏನು ಅಂತ ಈಗ ನಿಮಗೂ ಗೊತ್ತಾಯಿತಲ್ಲ.

ಮರುದಿನ ಅವನು ಬೇರೆ ದಾರಿ ಹಿಡಿದ. ರೈಲು ಹಳಿ ಸುತ್ತಿಕೊಂಡು, ಎರಡು ಪಟ್ಟು ದೂರ. ದಾರಿಯಲ್ಲಿ ಏನೂ ಇಲ್ಲ. ಮನೆ ಬಾಗಿಲ ಚಿಲಕಕ್ಕೆ ಕೈ ಹಾಕಿದಾಗ ಬೆನ್ನ ಹಿಂದೆ... ಕಟ್. ಅದರ ಮರುದಿನ ಅಂಗಡಿಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ ಒಂದು ಮದುವೆ ವಿಡಿಯೋಗೆ ಹಾಡು ಕೂರಿಸುತ್ತಿದ್ದ. ತಾಳದ ಒಳಗೆ ಕಟ್... ಕಟ್... ಹಾಡು ತೆಗೆದ. ಎಲ್ಲ ಸದ್ದೂ ಅಳಿಸಿದ. ಹೆಡ್‌ಫೋನಿನ ತಂತಿಯನ್ನೇ ಕಿತ್ತ. ಕಟ್.

ಇದಕ್ಕಿಂತ ಕೆಟ್ಟದ್ದು ಗಡಿಯಾರದ್ದು. ಆ ಮದುವೆಯಲ್ಲಿ ಮದುಮಗಳು ಬರುವ ಮೊದಲು ಪರದೆಯ ಮೇಲೆ ಇಳಿಯುವ ಅಂಕಿ ಬೇಕು ಅಂದಿದ್ದರು. ತಿದ್ದಿದ ಸೂತ್ರವನ್ನೇ ಹಾಕಿದ. ಹತ್ತು, ಒಂಬತ್ತು, ಎಂಟು, ಎಲ್ಲ ಸರಿಯಾಗಿ ಇಳಿದು ಒಂದು ನಿಮಿಷಕ್ಕೆ ಬಂತು. ಸೊನ್ನೆ ಒಂದು. ಅಲ್ಲೇ ನಿಂತಿತು. ನಿಮಿಷ ಕಳೆಯಿತು, ಎರಡು ಕಳೆಯಿತು, ಐದು ಕಳೆಯಿತು. ಸೊನ್ನೆ ಒಂದು. ಮದುಮಗಳು ಬಾಗಿಲಲ್ಲಿ ನಿಂತು ಬೆವೆತಳು. ಚಪ್ಪಾಳೆಗೆ ಕೂತ ಹೆಂಗಸರು ನಗಲು ಶುರುಮಾಡಿದರು. ಮದುಮಗನ ಅತ್ತೆಯೊಬ್ಬಳು, ಈ ಗಡಿಯಾರ ಮಾಡಿದವನಿಗೆ ಮದುವೆ ಆಗಿದೆಯೋ, ಇಲ್ಲ ಅವನದೂ ಒಂದು ನಿಮಿಷ ಬಾಕಿಯೋ ಅಂದಳಂತೆ. ನಗು ನಿಲ್ಲಲು ಹೊತ್ತು ಹಿಡಿಯಿತು. ಅಥುಮಾನಿ ಸೂತ್ರ ಬಿಚ್ಚಿ ನೋಡಿದ, ಅಕ್ಷರಕ್ಕೆ ಅಕ್ಷರ ಸರಿಯಾಗಿತ್ತು. ಆಮೇಲೆ ಮಾಡಿದ ಗಡಿಯಾರವೆಲ್ಲ ಹಾಗೆಯೇ. ಯಾವುದೂ ಸೊನ್ನೆಗೆ ಇಳಿಯಲೊಲ್ಲದು.

ಸುತ್ತುದಾರಿಯಿಂದ ಪ್ರಯೋಜನವಿಲ್ಲ ಅಂತ ಮತ್ತೆ ಬಾವಿಯ ದಾರಿಗೇ ಬಂದ. ಅಜ್ಜಿ ಅಲ್ಲೇ. ಮುಖ ಗೋಡೆಗೆ. ಕೈಯಲ್ಲಿ ಖರ್ಜೂರ.

“ಹೊತ್ತಾಯ್ತಾ ಮಗಾ?”

“ಇಲ್ಲ ಬೀಬಿ... ಇನ್ನೂ ಇಲ್ಲ” ಅಂತ ಪಿಸುಗುಟ್ಟಿದ. ಅವಳು ತಿರುಗಲಿಲ್ಲ. ಗಟ್ಟಿಯಾಗಿ ಹೇಳಿದ. ತಿರುಗಲಿಲ್ಲ. ಎದುರಿಗೆ ಹೋಗಿ ಕೈ ಅಲ್ಲಾಡಿಸಿದ. ಅವಳು ಅವನ ಆಚೆಗೆ, ಖಾಲಿ ಗೋಡೆಯನ್ನೇ ನೋಡುತ್ತಿದ್ದಳಂತೆ. ಇನ್ನು ಯಾರ ಕೈಯನ್ನೂ ನೋಡಬೇಡ ಅಂತ ಹೇಳಿದವನು ಇವನೇ ತಾನೇ.

ಅವತ್ತೇ ರಾತ್ರಿ ನನ್ನ ಬಾಗಿಲು ತಟ್ಟಿದ್ದು. ಮುಖದಲ್ಲಿ ರಕ್ತ ಇರಲಿಲ್ಲ. ಮಾತು ಮುಗಿಯುವವರೆಗೆ ನನ್ನ ಮುಖ ನೋಡಲಿಲ್ಲ, ಚಾಪೆಯ ಎಳೆ ಕೀಳುತ್ತಾ ಕೂತಿದ್ದ. ಭೂಗೋಳದ ಮೇಷ್ಟ್ರ ಹತ್ತಿರ ಇದಕ್ಕೆ ಔಷಧಿ ಎಲ್ಲಿದೆ? ಕೈ ಹಿಡಿದು ಶೇಖ್ ನಸೋರೋ ಮನೆಗೆ ಕರೆದುಕೊಂಡು ಹೋದೆ.

ಶೇಖ್ ಪೂರ್ತಿ ಕೇಳಿದರು. ದೆವ್ವದ ವಿಷಯಕ್ಕೆ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಅಜ್ಜಿಯ ಮೇಲೆ ಪಾಪವಿಲ್ಲ, ಅವಳು ತಿಳಿಯದೆ ಮಾಡಿದಳು, ದಿನಗಳು ಮಾತ್ರ ಉಳಿದಿವೆ ಅಂದರು. ಸತ್ತವರ ಪರವಾಗಿ ರಕ್ತಸಂಬಂಧಿ ಹಿಡಿಯಬಹುದು. ಹೊರಗಿನವನು ಹಿಡಿಯಬೇಕಾದರೆ ರಕ್ತಸಂಬಂಧಿಯ ಒಪ್ಪಿಗೆ ಬೇಕು.

“ಅಂದ್ರೆ ಸೌಮುಗೆ ಹೇಳ್ಬೇಕು” ಅಂದ ಅಥುಮಾನಿ, ಸಣ್ಣ ದನಿಯಲ್ಲಿ.

“ಸೌಮುಗೆ ಹೇಳು” ಅಂದರು ಶೇಖ್. “ಚಾಂದೆಗೂ ಹೇಳು. ಅವರಿಗೆ ಮಾತ್ರ ಮನೇಲಿ ಹೋಗಿ ಹೇಳೋ ಹಾಗಿಲ್ಲ. ಮರ್ಯಾದೆ ಹೋಗಿದ್ದು ಚೌಕದಲ್ಲಿ.”

ಚೌಕದ ಜನವೆಲ್ಲ ಸೇರುವ ಶುಕ್ರವಾರದ ನಮಾಜು ಮುಗಿದ ಮೇಲೆ ಅವನು ಎದ್ದು ನಿಂತ. ಜನ ಚಪ್ಪಲಿ ಹುಡುಕುತ್ತಿದ್ದವರು ನಿಂತರು. ಗಡಿಯಾರದ ತಪ್ಪು, ಹನ್ನೊಂದು ದಿನ, ತಿದ್ದಿ ಬಚ್ಚಿಟ್ಟದ್ದು, ಅಜ್ಜಿ ಹಾಸಿಗೆಯಲ್ಲಿ ಹೇಳಿದ್ದು, ಎಲ್ಲ ಹೇಳಿದ. ದೆವ್ವದ ಮಾತು ಎತ್ತಲಿಲ್ಲ. ಎತ್ತಿದರೆ ಜನ ಅಯ್ಯೋ ಅಂದುಬಿಡುತ್ತಾರೆ, ಅದು ಬೇಡ ಅಂದಿದ್ದ ನನಗೆ. ನಾನು ಕತ್ತೆಯ ತಮಾಷೆಗೆ ನಕ್ಕಿದ್ದು ನೆನಪಾಗಿ ಕೆಳಗೆ ನೋಡಿದೆ. ನನ್ನ ಪಕ್ಕದವರೂ ಕೆಳಗೇ ನೋಡುತ್ತಿದ್ದರು.

ಚಾಂದೆ ಮುದುಕರು ಕೋಲು ಊರಿಕೊಂಡು ಅವನ ಹತ್ತಿರ ಹೋದರು.

“ನನ್ನ ಕೈಗಡಿಯಾರ ಸರಿ ಇತ್ತು ಅನ್ನು.”

“ಸರಿ ಇತ್ತು ತಾತಾ.”

“ರಿಪೇರಿಯವನು ಅದರ ಹೊಟ್ಟೆ ಎರಡು ಸಲ ಕುಯ್ದ” ಅಂದರು ಮುದುಕರು. “ಅವನ ಹತ್ರಾನೂ ಹೋಗಿ ಹೇಳು.”

ಅಷ್ಟೇ ಅಂದು ನಡೆದರು. ಬೈದಿದ್ದರೆ ಚೆನ್ನಾಗಿತ್ತು ಅಂತ ಅಥುಮಾನಿ ಆಮೇಲೆ ಅತ್ತ.

ಸೌಮು ಹೆಂಗಸರ ಬಾಗಿಲಲ್ಲಿ ನಿಂತಿದ್ದಳು. ಅವಳು ಸಂಜೆ ಚೌಕದಲ್ಲಿ ಬಜ್ಜಿ ಕರಿಯುವ ಹುಡುಗಿ, ಕೈಯಲ್ಲಿ ಎಣ್ಣೆಸುಟ್ಟ ಕಲೆ, ಬಾಯಿಯೂ ಹಾಗೆಯೇ ಸುಡುವಂಥದ್ದು. ಅವತ್ತು ಮಾತ್ರ ಮೆಲ್ಲಗೆ ಮಾತಾಡಿದಳು.

“ಅವತ್ತು ಅಜ್ಜಿ ನಿನ್ನ ಕೈ ಹಿಡ್ಕೊಂಡಿದ್ಳು. ಆಗ ಹೇಳ್ಬಹುದಿತ್ತಲ್ಲ.”

ಅಥುಮಾನಿ ತಲೆಯ ಟೋಪಿ ತೆಗೆದು ಮಡಿಸಿದ.

“ಅಜ್ಜಿ ನಿನ್ನ ಬೈತಿರ್ಲಿಲ್ಲ, ಗೊತ್ತಾ? ನಕ್ಕು, ನಾಳೆಯಿಂದ್ಲೇ ಹಿಡೀತೀನಿ ಅಂತಿದ್ಳು. ಹಿಡಿಯೋಕೆ ಆಗ್ತಿತ್ತೋ ಇಲ್ವೋ, ಮನಸ್ಸಾದ್ರೂ ಮಾಡಿರ್ತಿದ್ಳು. ಅದನ್ನೂ ನೀನು ಕೊಡ್ಲಿಲ್ಲ.”

ಹನ್ನೊಂದು ದಿನವನ್ನೂ ತಾನೇ ಹಿಡಿಯುತ್ತೇನೆ, ಒಪ್ಪಿಗೆ ಕೊಡು ಅಂತ ಅವನು ಕೇಳಿದ.

“ನೀನೇ ಹಿಡಿ” ಅಂದಳು ಸೌಮು. “ನಾನು ಹಿಡಿದ್ರೆ ನಿಂಗೆ ಸುಲಭ ಆಗಿಬಿಡುತ್ತೆ.”

ಸೋಮವಾರದಿಂದ ಹಿಡಿದ. ಹಗಲೆಲ್ಲ ಉಪವಾಸ, ಸಂಜೆ ಕಟ್ಟೆಯ ಹತ್ತಿರ ಖರ್ಜೂರ, ರಾತ್ರಿ ಮನೆಗೆ ಹೋಗುವಾಗ ಅದೇ ಕಟ್ಟೆ, ಅದೇ ಬೆನ್ನು. ಅಜ್ಜಿ ಬೇಗ ಹೋಗಿಬಿಡುತ್ತಾಳೆ ಅಂತ ನಾನು ಅಂದುಕೊಂಡಿದ್ದೆ. ಇಲ್ಲ. ಮೂರನೇ ರಾತ್ರಿ, ಆರನೇ ರಾತ್ರಿ, ಹತ್ತನೇ ರಾತ್ರಿ... “ಹೊತ್ತಾಯ್ತಾ ಮಗಾ?” ಹುಡುಗ ಸೊರಗಿದ. ಹತ್ತನೇ ರಾತ್ರಿ ತಡೆಯಲಾರದೆ ನನ್ನನ್ನೂ ಕರೆದುಕೊಂಡು ಹೋಗಿ ಸೌಮುವಿಗೆ ಎಲ್ಲ ಹೇಳಿದ, ಕಟ್ಟೆಯ ಮಾತೂ ಸೇರಿಸಿ. ಅವಳು ಹುಚ್ಚು ಹಿಡಿದಿದೆ ಅನ್ನುತ್ತಾಳೆ ಅಂತ ನಾನು ಕಾದೆ. ಬಜ್ಜಿಯ ಬಾಣಲೆ ಉಜ್ಜುತ್ತಿದ್ದವಳು ಕೈ ನಿಲ್ಲಿಸಿದಳು.

“ಕಟ್ ಕಟ್ ಅಂತ ಸದ್ದು ಬರುತ್ತಾ?”

“ಬರುತ್ತೆ.”

“ಮನೇಲೂ ಬರುತ್ತೆ” ಅಂದಳು ಸೌಮು. ಬಾಣಲೆಯನ್ನೇ ನೋಡುತ್ತಿದ್ದಳು. “ಅಜ್ಜಿಗೆ ಕಿವಿ ಎಲ್ಲಿತ್ತು? ಬಾಯಲ್ಲಿ ಹೇಳಿದ್ರೆ ಏನು ಬಂತು? ಗೋಡೆ ಮೇಲೆ ಹೇಳು.”

ಹನ್ನೊಂದನೇ ಸಂಜೆ ಅಥುಮಾನಿ ಪ್ರೊಜೆಕ್ಟರ್ ಹೊತ್ತು ತಂದ. ರಂಜಾನ್ ಅಲ್ಲ, ಹಬ್ಬವಿಲ್ಲ, ಚೌಕದಲ್ಲಿ ನಾವು ನಾಲ್ಕೇ ಜನ: ಅವನು, ಸೌಮು, ನಾನು, ಮಸೀದಿಯ ಮೆಟ್ಟಿಲ ಮೇಲೆ ಚಾಂದೆ ಮುದುಕರು. ಸೌಮು ಒಂದು ಖರ್ಜೂರ ತೊಳೆದು ಕಟ್ಟೆಯ ಅಂಚಿನಲ್ಲಿ ಇಟ್ಟಳು, ಅಜ್ಜಿ ಕೂರುತ್ತಿದ್ದ ಜಾಗದಲ್ಲಿ. ಗೋಡೆಯ ಮೇಲೆ ಅಂಕಿ ಮೂಡಿತು. ಚಂದ್ರ, ಬಳ್ಳಿ, ಬಂಗಾರ ಏನೂ ಇರಲಿಲ್ಲ. ಬರೀ ಅಂಕಿ, ದೊಡ್ಡದಾಗಿ, ಮುದುಕಿಯ ಕಣ್ಣಿಗೆ ಕಾಣುವಷ್ಟು.

ಹತ್ತು. ಒಂಬತ್ತು. ಕಾಗೆಗಳು ಮರಕ್ಕೆ ಬಂದವು. ಐದು. ನಾಲ್ಕು. ಬಾವಿಯ ಸರಪಳಿ ಗಾಳಿ ಇಲ್ಲದೆಯೂ ಒಂದು ಸಲ ಕಿಣಿ ಅಂದಿತು. ಎರಡು.

ಸೊನ್ನೆ ಒಂದು.

ಅಥುಮಾನಿಯ ಕೈಯಲ್ಲಿ ಖರ್ಜೂರ. ಅವನ ಕಣ್ಣು ಗೋಡೆಯಲ್ಲಿ. ತಿಂಗಳಿಂದ ಯಾವ ಗಡಿಯಾರವೂ ಇದನ್ನು ದಾಟಿರಲಿಲ್ಲ. ಚಾಂದೆ ಮುದುಕರು ಕೈಗಡಿಯಾರ ನೋಡುತ್ತಾ ಮೆಟ್ಟಿಲು ಹತ್ತುವ ಸದ್ದು... ಟಕ್, ಟಕ್, ಕೋಲಿನದು. ನಿಂತರು. ಗಂಟಲು ಸರಿಮಾಡಿಕೊಂಡರು. ಗೋಡೆಯ ಮೇಲೆ ಇನ್ನೂ ಒಂದು. ನನ್ನ ಬಾಯಿ ಒಣಗಿತು. ನಾನು ಉಪವಾಸ ಕೂಡ ಇರಲಿಲ್ಲ.

ಬಾಂಗಿನ ಮೊದಲ ದನಿ ಎದ್ದಿತು. ಅದೇ ಕ್ಷಣಕ್ಕೆ ಗೋಡೆಯ ಮೇಲಿನ ಒಂದು, ಸೊನ್ನೆಯಾಯಿತು.

ಅಥುಮಾನಿ ಖರ್ಜೂರ ಬಾಯಿಗಿಟ್ಟ. ಅಗಿಯಲು ಆಗಲಿಲ್ಲ, ಅಳುತ್ತಿದ್ದ. ಸೌಮು ಅವನ ಕಡೆಗೆ ನೋಡದೆ ನೀರಿನ ಲೋಟವನ್ನು ಅವನ ಪಕ್ಕದಲ್ಲಿ ಇಟ್ಟಳು. ಮಸೀದಿಯ ಬಾಗಿಲಲ್ಲಿ ಆ ಮಾತಾದ ಮೇಲೆ ಅವಳು ಅವನಿಗೆ ಕೊಟ್ಟ ಮೊದಲ ವಸ್ತು ಅದು. ನಾವು ಗಂಡಸರು ಮಸೀದಿಯ ಒಳಗೆ ಹೋದೆವು, ಅವಳು ಮನೆಗೆ ಹೋದಳು. ನಮಾಜು ಮುಗಿಸಿ ಎಷ್ಟು ಹೊತ್ತಿಗೆ ಬಂದಿರಬಹುದು? ಒಂದು ಲೋಟ ಕಾಫಿ ಆರುವಷ್ಟು ಹೊತ್ತು.

ಕಟ್ಟೆಯ ಅಂಚಿನಲ್ಲಿ ಖರ್ಜೂರ ಇರಲಿಲ್ಲ.

ಕಾಗೆ ಅಂದೆ ನಾನು. ಓದಿದವನಲ್ಲವೇ, ಮೊದಲು ಕಾಗೆಯನ್ನೇ ಹೇಳಬೇಕು. ಅಥುಮಾನಿ ಫೋನಿನ ಬೆಳಕನ್ನು ಕಲ್ಲಿನ ಸಂದಿಗೆ ಹಿಡಿದ. ರಂಜಾನಿನ ಹಳೇ ಬೀಜಗಳು ಅಲ್ಲಿ ಸಾಲಾಗಿ ಒಣಗಿ ಬೆಳ್ಳಗಾಗಿದ್ದವು. ಸಾಲಿನ ಕೊನೆಗೆ ಇನ್ನೊಂದು. ಕಂದು ಬಣ್ಣದ್ದು. ನೆಟ್ಟಗೆ ನಿಂತಿತ್ತು, ಚೂಪು ತುದಿ ಕೆಳಗೆ.

ನಗುವವರು ನಗಲಿ. ನಾನು ಈ ಬೆರಳಿನಿಂದ ಮುಟ್ಟಿ ನೋಡಿದ್ದೇನೆ. ಬೀಜ ಇನ್ನೂ ಒದ್ದೆ ಇತ್ತು, ಬೆಚ್ಚಗಿತ್ತು. ಆಮೇಲೆ ಆ ಕಟ್ಟೆಯ ಮೇಲೆ ಯಾರೂ ಯಾರನ್ನೂ ಏನೂ ಕೇಳಿಲ್ಲ. ಸೌಮುವಿನ ಮನೆಯಲ್ಲೂ ಸದ್ದಿಲ್ಲ. ಅಥುಮಾನಿ ಈಗಲೂ ಗಡಿಯಾರ ಮಾಡುತ್ತಾನೆ. ಮುಗಿಸಿದ ಮೇಲೆ ಕೊನೆಯ ನಿಮಿಷವನ್ನು ಒಬ್ಬನೇ ಕೂತು, ಪೂರ್ತಿ, ಕಣ್ಣು ಕೀಳದೆ ನೋಡುತ್ತಾನೆ. ಬೇಕಾದರೆ ಟಾಂಗಾಕ್ಕೆ ಬಂದು ಅವನನ್ನೇ ಕೇಳಿ, ಸೌಮುವನ್ನು ಕೇಳಿ, ಚಾಂದೆ ಮುದುಕರು ಇನ್ನೂ ಇದ್ದಾರೆ. ಕಟ್ಟೆ ಇದೆ, ಸಂದಿ ಇದೆ, ಆ ಬೀಜವೂ ಇದೆ. ಅವತ್ತು ಎರಡು ಸಾವಿರದ ಹತ್ತೊಂಬತ್ತನೇ ಇಸವಿ, ಜುಲೈ ತಿಂಗಳ ಇಪ್ಪತ್ತೈದು, ಗುರುವಾರ.